ತೆಂಗಿನ ಚಿಪ್ಪು, ಒಂದು ಡ್ರಮ್, ಒಂದು ಕಬ್ಬಿಣದ ಪೈಪ್: ತೋಟದಲ್ಲಿ ಬಯೋಚಾರ್ ಮತ್ತು ಆಕ್ಟಿವೇಟೆಡ್ ಕಾರ್ಬನ್ ಮಾಡಿದ್ದು

ತಿಪಟೂರು ಕಡೆ ಉಂಡೆ ಕೊಬ್ಬರಿ ಮಾಡುವ ಮನೆಗಳಲ್ಲಿ ಚಿಪ್ಪಿಗೆ ಬರವಿಲ್ಲ. ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗುತ್ತದೆ. ಆಮೇಲೆ ಸುಲಿದು ಚಿಪ್ಪು ಒಡೆದರೆ ಒಳಗಿನ ಕೊಬ್ಬರಿ ಇಡೀ ಉಂಡೆಯಾಗಿ ಈಚೆ ಬರುತ್ತದೆ. ಕೊಬ್ಬರಿ ಮಂಡಿಗೆ ಹೋಗುತ್ತದೆ, ಚಿಪ್ಪು ಅಂಗಳದಲ್ಲಿ ರಾಶಿ ಬೀಳುತ್ತದೆ. ಸ್ವಲ್ಪ ಬಚ್ಚಲ ಒಲೆಗೆ, ಉಳಿದದ್ದು ಚಿಪ್ಪು ಕೊಳ್ಳುವವರ ಲಾರಿಗೆ. ಗರಿ, ಎಡೆಮಟ್ಟೆ, ಹೊಂಬಾಳೆ, ಅಡಿಕೆ ಸಿಪ್ಪೆ ಇವನ್ನಂತೂ ಕೇಳುವವರೇ ಇಲ್ಲ. ಬೇಸಿಗೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. ಇಡೀ ಊರಿಗೆ ಹೊಗೆ, ಕೊನೆಗೆ ಉಳಿಯುವುದು ಒಂದು ಮಂಕರಿ ಬೂದಿ.

ಆ ಹೊಗೆಯಲ್ಲಿ ಹೋಗುವುದು ಗಿಡ ವರ್ಷಗಟ್ಟಲೆ ಗಾಳಿಯಿಂದ ಎಳೆದುಕೊಂಡ ಇಂಗಾಲ. ಅದರ ಅರ್ಧದಷ್ಟನ್ನಾದರೂ ಇದ್ದಿಲಾಗಿ ಹಿಡಿದಿಟ್ಟುಕೊಂಡರೆ ಮಣ್ಣಿನಲ್ಲಿ ನೂರಾರು ವರ್ಷ ನಿಲ್ಲುತ್ತದೆ. ಒಳ್ಳೆಯ ಚಿಪ್ಪಿನ ಇದ್ದಿಲನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರೆ ನೀರಿನ ವಾಸನೆ, ಬಣ್ಣ ಹೀರುವ ಆಕ್ಟಿವೇಟೆಡ್ ಕಾರ್ಬನ್ ಆಗುತ್ತದೆ. ಎರಡನ್ನೂ ತೋಟದಲ್ಲೇ, ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಸಾಮಾನಿನಲ್ಲಿ ಮಾಡಬಹುದಾ ಎಂದು ನೋಡಲು ಕೂತೆ. ಬಯೋಚಾರ್ ಅಂದರೆ ಮಣ್ಣಿಗೆ ಹಾಕುವ ಇದ್ದಿಲು, ಅದನ್ನು ಯಾವ ರೈತ ಬೇಕಾದರೂ ಮಾಡಬಹುದು. ಆಕ್ಟಿವೇಟೆಡ್ ಕಾರ್ಬನ್ ಮನೆಯಲ್ಲಿ ಆಗುತ್ತದೆ, ಆದರೆ ಗ್ರಾಂ ಲೆಕ್ಕದಲ್ಲಿ, ತುಂಬಾ ಎಚ್ಚರದಿಂದ, ಪರೀಕ್ಷೆ ಮಾಡಿಯೇ ನಂಬಬೇಕು. ಎರಡಕ್ಕೂ ಮೂಲ ಒಂದೇ: ಎಷ್ಟು ಬಿಸಿ, ಎಷ್ಟು ಗಾಳಿ.

ಬೆಂಕಿಯ ಒಳಗೆ ಏನಾಗುತ್ತದೆ

ಸೌದೆ ನೇರವಾಗಿ ಉರಿಯುವುದಿಲ್ಲ. ಬಿಸಿಗೆ ಮೊದಲು ನೀರು ಹೋಗುತ್ತದೆ. ಆಮೇಲೆ ಸೌದೆಯ ಮೈ ಕಟ್ಟಿರುವ ಮೂರು ವಸ್ತುಗಳ ಸರದಿ. 220 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೆಮಿಸೆಲ್ಯುಲೋಸ್ ಒಡೆಯುತ್ತದೆ, 315ರಿಂದ 400ರ ನಡುವೆ ಸೆಲ್ಯುಲೋಸ್. ಲಿಗ್ನಿನ್ ಮಾತ್ರ ಹಟಮಾರಿ, ನಿಧಾನವಾಗಿ 900 ಡಿಗ್ರಿವರೆಗೂ ಒಡೆಯುತ್ತಾ ಹೋಗುತ್ತದೆ. ಈ ಒಡೆತದಲ್ಲಿ ಗ್ಯಾಸ್ ಹೊರಡುತ್ತದೆ. ನಮ್ಮ ಕಣ್ಣಿಗೆ ಕಾಣುವ ಹಳದಿ ಜ್ವಾಲೆ ಆ ಗ್ಯಾಸ್ ಉರಿಯುವುದು. ಗ್ಯಾಸ್ ಎಲ್ಲಾ ಹೋದ ಮೇಲೆ ಉಳಿಯುವುದೇ ಇದ್ದಿಲು. ಅದಕ್ಕೂ ಗಾಳಿ ತಗುಲಿದರೆ ಕೆಂಡವಾಗಿ ಬೂದಿಯಾಗುತ್ತದೆ. ಅಂದರೆ ಕೆಲಸ ಇಷ್ಟೇ: ಗ್ಯಾಸನ್ನು ಪೂರ್ತಿ ಉರಿಸಬೇಕು, ಇದ್ದಿಲಿಗೆ ಗಾಳಿ ತಾಗದ ಹಾಗೆ ನೋಡಿಕೊಳ್ಳಬೇಕು.

ಇದು ನಮಗೆ ಹೊಸದೇನಲ್ಲ. ಕರಾವಳಿ, ಮಲೆನಾಡಿನಲ್ಲಿ ಸುಡುಮಣ್ಣು ಮಾಡುತ್ತಾರೆ ಅಲ್ವಾ? ತರಗೆಲೆ, ಸೊಪ್ಪು, ಕಡ್ಡಿ ಗುಡ್ಡೆ ಹಾಕಿ ಮೇಲೆ ಮಣ್ಣು ಮುಚ್ಚಿ ಒಳಗೊಳಗೇ ಬೇಯಿಸುವುದು. ಮಲ್ಲಿಗೆಗೆ, ತರಕಾರಿಗೆ ಆ ಮಣ್ಣು ಹಾಕಿದರೆ ಗಿಡ ಚೆನ್ನಾಗಿ ಬರುತ್ತದೆ ಎಂಬುದು ಅಲ್ಲಿನ ಅಜ್ಜಿಯರಿಗೆಲ್ಲ ಗೊತ್ತು. ಅದರಲ್ಲಿ ಬೂದಿಯೂ ಇದೆ, ಕಳೆ ಬೀಜ ಸತ್ತ ಮಣ್ಣೂ ಇದೆ, ಗಾಳಿ ಸಾಲದೆ ಉಳಿದ ಇದ್ದಿಲೂ ಇದೆ. ಒಂದೇ ತೊಂದರೆ ಹೊಗೆ. ಮಣ್ಣಿನ ಕೆಳಗೆ ಗ್ಯಾಸ್ ಉರಿಯುವುದಿಲ್ಲ, ಹಾಗೇ ಹೊರಗೆ ಬರುತ್ತದೆ. ಅದರಲ್ಲಿ ಟಾರ್ ಎಂಬ ಡಾಂಬರಿನಂಥ ಜಿಡ್ಡು ಇರುತ್ತದೆ, ಮೀಥೇನ್ ಇರುತ್ತದೆ, ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಚಿಪ್ಪಿನ ಇದ್ದಿಲು ಗುಂಡಿಗಳ ಸುತ್ತ ಇರುವವರು ಕೆಮ್ಮುವುದೂ ಇದೇ ಕಾರಣಕ್ಕೆ. ನನಗೆ ಬೇಕಾಗಿದ್ದು ಸುಡುಮಣ್ಣಿನ ಲಾಭ, ಆದರೆ ಆ ಹೊಗೆ ಇಲ್ಲದೆ.

ದಾರಿ ತೋರಿಸಿದ್ದು ಮೇಲಿನಿಂದ ಹಚ್ಚುವ ಒಲೆ. ಅಮೆರಿಕದ ಟಾಮ್ ರೀಡ್ ಮತ್ತು ನಾರ್ವೆಯ ಪಾಲ್ ವೆಂಡೆಲ್ಬೊ 1980ರ ದಶಕದಲ್ಲಿ ಬೇರೆಬೇರೆಯಾಗಿ ಇದನ್ನು ಕಂಡುಕೊಂಡರು. ಸೌದೆಯನ್ನು ಪಾತ್ರೆಯಲ್ಲಿ ತುಂಬಿ ಬೆಂಕಿಯನ್ನು ಮೇಲೆ ಇಡಬೇಕು. ಕೆಳಗಿನಿಂದ ಸ್ವಲ್ಪವೇ ಗಾಳಿ. ಬಿಸಿ ನಿಧಾನವಾಗಿ ಕೆಳಗಿಳಿಯುತ್ತದೆ, ಗ್ಯಾಸ್ ಮೇಲೇರುತ್ತದೆ. ಮೇಲೆ ಬಂದ ಗ್ಯಾಸಿಗೆ ಇನ್ನೊಂದಿಷ್ಟು ಹೊಸ ಗಾಳಿ ಕೊಟ್ಟರೆ ಪೂರ್ತಿ ಉರಿಯುತ್ತದೆ. ಕೆಳಗಿನಿಂದ ಬಂದ ಆಮ್ಲಜನಕವನ್ನು ಬೆಂಕಿಯ ಸಾಲೇ ತಿಂದುಬಿಡುವುದರಿಂದ ಮೇಲಿನ ಇದ್ದಿಲು ಉಳಿದುಕೊಳ್ಳುತ್ತದೆ. ನಮ್ಮ ಜಿಲ್ಲೆಯ ಹೊಸಹಳ್ಳಿಯಲ್ಲಿ 1980ರ ದಶಕದ ಕೊನೆಗೆ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆಯ ಗ್ಯಾಸಿನಿಂದ ಎಂಜಿನ್ ಓಡಿಸಿ ಊರಿಗೆ ಕರೆಂಟು ಕೊಟ್ಟಿದ್ದರು. ಅಲ್ಲಿ ಗ್ಯಾಸ್ ಮುಖ್ಯ, ಇಲ್ಲಿ ಉಳಿಯುವ ಇದ್ದಿಲು ಮುಖ್ಯ. ಒಳಗಿನ ವಿಜ್ಞಾನ ಒಂದೇ.

ಡ್ರಮ್ ಕಟ್ಟಿದ್ದು

200 ಲೀಟರಿನ ಕಬ್ಬಿಣದ ಡ್ರಮ್ ತೆಗೆದುಕೊಂಡೆ. ಅಡುಗೆ ಎಣ್ಣೆ ತುಂಬಿದ್ದ ಡ್ರಮ್ ಆದರೆ ಒಳ್ಳೆಯದು. ಕೀಟನಾಶಕ, ಪೇಂಟ್, ಥಿನ್ನರ್ ಇದ್ದ ಡ್ರಮ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಮುಚ್ಚಿದ ಡ್ರಮ್‌ಗೆ ಸುಮ್ನೆ ಗ್ರೈಂಡರ್ ಹಾಕಬೇಡಿ. ಒಳಗೆ ಉಳಿದ ಆವಿಗೆ ಕಿಡಿ ತಗುಲಿದರೆ ಡ್ರಮ್ ಸಿಡಿಯುತ್ತದೆ, ಪ್ರಾಣ ಹೋಗುತ್ತದೆ. ಎರಡೂ ಬಿರಡೆ ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಮುಕ್ಕಾಲು ಭಾಗ ನೀರು ತುಂಬಿಸಿಕೊಂಡೇ ಮೇಲಿನ ಮುಚ್ಚಳ ಕತ್ತರಿಸಿದ್ದು.

ತಳಕ್ಕೆ 12 ಮಿಲಿಮೀಟರಿನ 40 ತೂತು. ಲೆಕ್ಕ ಹಾಕಿದರೆ ತಳದ ವಿಸ್ತಾರದಲ್ಲಿ ನೂರಕ್ಕೆ ಎರಡು ಭಾಗವೂ ಇಲ್ಲ. ಇಷ್ಟು ಕಮ್ಮಿಯಾ ಅನ್ನಿಸುತ್ತದೆ, ಆದರೆ ಅದೇ ಬೇಕಾಗಿರುವುದು. ಕೆಳಗಿನ ಗಾಳಿ ಜಾಸ್ತಿಯಾದರೆ ಬಿಸಿ ಬೇಗ ಇಳಿಯುತ್ತದೆ, ಇದ್ದಿಲು ಕರಗಿ ಬೂದಿ ಜಾಸ್ತಿಯಾಗುತ್ತದೆ. ಡ್ರಮ್ ಮೂರು ಕಲ್ಲಿನ ಮೇಲೆ ಕೂರುತ್ತದೆ. ಕಲ್ಲು ಸಮ ಇರಲಿ, ಒಂದು ಕಡೆ ವಾಲಿದರೆ ಬೆಂಕಿಯೂ ಒಂದೇ ಕಡೆ ಇಳಿಯುತ್ತದೆ.

ಕತ್ತರಿಸಿದ ಮುಚ್ಚಳದ ನಡುವೆ 15 ಸೆಂಟಿಮೀಟರಿನ ತೂತು ಮಾಡಿ ಅದಕ್ಕೆ ತಗಡಿನ ಹೊಗೆ ಕೊಳವೆ ಬೆಸೆದದ್ದಾಯಿತು. ಎತ್ತರ 1.2 ಮೀಟರ್. ಮುಚ್ಚಳಕ್ಕೂ ಡ್ರಮ್ ಬಾಯಿಗೂ ನಡುವೆ ಎರಡು ಸೆಂಟಿಮೀಟರ್ ಸಂದು ಬೇಕು, ಮೇಲಿನ ಗಾಳಿ ನುಗ್ಗುವುದು ಅಲ್ಲಿಂದಲೇ. ಮೂರು ದಪ್ಪ ನಟ್ಟುಗಳನ್ನು ಮುಚ್ಚಳದ ಅಡಿಗೆ ಬೆಸೆದರೆ ಆ ಸಂದು ತಾನಾಗೇ ಸಿಗುತ್ತದೆ. ಈ ಸಂದು ಮತ್ತು ಕೊಳವೆಯ ಎತ್ತರ ಎರಡೂ ಸರಿಯಿದ್ದರೆ ಹೊಗೆ ಕಾಣುವುದು ಹಚ್ಚಿದ ಮೊದಲ ಕೆಲವು ನಿಮಿಷ ಮಾತ್ರ. ಡ್ರಮ್‌ನ ಬಣ್ಣ ಮೊದಲ ಸಲ ಸುಡುವಾಗ ಕೆಟ್ಟ ವಾಸನೆ ಬರುತ್ತದೆ. ಆ ಸಲ ಬರಿ ಎಡೆಮಟ್ಟೆ ಹಾಕಿ ಜೋರಾಗಿ ಉರಿಸಿ, ಬಂದ ಇದ್ದಿಲನ್ನು ಮಣ್ಣಿಗೂ ಹಾಕಬೇಡಿ.

ತುಂಬುವುದು, ಹಚ್ಚುವುದು, ನಿಲ್ಲಿಸುವುದು

ಚಿಪ್ಪು ಒಣಗಿರಬೇಕು. ಉಂಡೆ ಕೊಬ್ಬರಿಯ ಚಿಪ್ಪಿನಲ್ಲಿ ಈ ಚಿಂತೆ ಇಲ್ಲ, ಅಟ್ಟದ ಮೇಲೇ ಒಣಗಿ ಬಂದಿರುತ್ತದೆ. ಎರಡು ಚೂರು ಒಂದಕ್ಕೊಂದು ತಟ್ಟಿದರೆ ಟಣ್ ಎನ್ನಬೇಕು. ಅಡುಗೆಮನೆಯ ಹಸಿ ಕಾಯಿಯ ಚಿಪ್ಪಾದರೆ ಎರಡು ವಾರ ಬಿಸಿಲು ತೋರಿಸಿ. ಅರ್ಧ ಹೋಳುಗಳನ್ನು ಹಾಗೇ ಹಾಕಿದರೆ ಒಂದರೊಳಗೊಂದು ಕೂತು ಗಾಳಿಗೆ ದಾರಿ ಕಟ್ಟಿಬಿಡುತ್ತವೆ. ಸುತ್ತಿಗೆಯಲ್ಲಿ ಮೂರು ನಾಲ್ಕು ಚೂರು ಮಾಡಿ ಹಾಕುವುದು ಮೇಲು. ಬಾಯಿಂದ ಒಂದು ಗೇಣು ಕೆಳಗೆ ನಿಲ್ಲಿಸಿದರೆ ನನ್ನ ಡ್ರಮ್‌ಗೆ 45 ಕೆಜಿ ಹಿಡಿಯುತ್ತದೆ.

ಹಚ್ಚಲು ಒಣಗಿದ ಹೊಂಬಾಳೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಸಣ್ಣಗೆ ಸೀಳಿ ಮೇಲೆ ಹರಡಿ, ಸ್ವಲ್ಪ ನಾರು ಇಟ್ಟು, ನಾಲ್ಕು ಕಡೆ ಬೆಂಕಿ ಕೊಟ್ಟು, ಮೇಲಿನ ಸಾಲು ಪೂರ್ತಿ ಹತ್ತಿಕೊಂಡ ಮೇಲೆ ಮುಚ್ಚಳ ಇಡಬೇಕು. ಕೊಳವೆ ಎಳೆಯಲು ಶುರು ಮಾಡಿದ ತಕ್ಷಣ ಸದ್ದೇ ಬದಲಾಗುತ್ತದೆ. ಗುಂಯ್ ಎಂಬ ಒಂದೇ ಸಮನಾದ ಶಬ್ದ. ಸಂದಿನಲ್ಲಿ ಬಗ್ಗಿ ನೋಡಿದರೆ ಜ್ವಾಲೆ ಅಂಚಿನಿಂದ ನಡುವಿಗೆ ಸುತ್ತಿಕೊಂಡು ಕೊಳವೆಗೆ ನುಗ್ಗುತ್ತಿರುತ್ತದೆ. ಚಿಪ್ಪು ಮಾತ್ರ ಉರಿಯುತ್ತಿರುವುದಿಲ್ಲ, ಅದರ ಮೇಲೆ ಒಂದು ಬೆರಳಷ್ಟು ಜಾಗ ಬಿಟ್ಟು ಜ್ವಾಲೆ ಆಡುತ್ತಿರುತ್ತದೆ.

ಬಿಸಿ ಎಲ್ಲಿಗೆ ಬಂತು ಎಂದು ಹೊರಗಿನಿಂದಲೇ ತಿಳಿಯಬಹುದು. ಡ್ರಮ್‌ನ ಪಕ್ಕಕ್ಕೆ ನೀರು ಚಿಮುಕಿಸಿ. ಎಲ್ಲಿವರೆಗೆ ಚುಂಯ್ ಎಂದು ಹಾರಿಹೋಗುತ್ತದೋ ಅಲ್ಲಿವರೆಗೆ ಇಳಿದಿದೆ. ಒಂದರಿಂದ ಒಂದೂವರೆ ಗಂಟೆಯಲ್ಲಿ ತಳ ಮುಟ್ಟುತ್ತದೆ. ಆಗ ಹಳದಿ ಜ್ವಾಲೆ ಕುಗ್ಗಿ ಗಿಡ್ಡನೆಯ ನೀಲಿ ಜ್ವಾಲೆ ಬರುತ್ತದೆ. ಚಿಪ್ಪಿನ ಗ್ಯಾಸ್ ಮುಗಿದು ಇದ್ದಿಲೇ ಉರಿಯಲು ಶುರುವಾಯಿತು ಎಂದು ಅದರ ಅರ್ಥ. ತಳದ ತೂತಿನಲ್ಲಿ ಕೆಂಪು ಕಾಣುತ್ತದೆ. ಇಲ್ಲಿಂದ ಪ್ರತಿ ನಿಮಿಷಕ್ಕೂ ಇದ್ದಿಲು ಕಮ್ಮಿಯಾಗುತ್ತಾ ಹೋಗುತ್ತದೆ, ತಡ ಮಾಡಬಾರದು.

ನಿಲ್ಲಿಸಲು ಎರಡು ದಾರಿ. ಮಣ್ಣಿಗೆ ಹಾಕುವ ಇದ್ದಿಲಾದರೆ ತಗಡಿನ ಮೇಲೆ ಸುರಿದು ನೀರು ಹೊಯ್ಯುವುದು. ಆಕ್ಟಿವೇಟೆಡ್ ಕಾರ್ಬನ್ನಿಗೆ ಬೇಕಾದರೆ ಕಲ್ಲು ತೆಗೆದು ಡ್ರಮ್ಮನ್ನು ಒದ್ದೆ ಕೆಮ್ಮಣ್ಣಿನ ಮೇಲೆ ಕೂರಿಸಿ, ಮೇಲೆ ತೂತಿಲ್ಲದ ಮುಚ್ಚಳ ಇಟ್ಟು, ಸುತ್ತ ಕೆಸರು ಮೆತ್ತಿ, ಮಾರನೇ ದಿನದವರೆಗೆ ಮುಟ್ಟದೆ ಬಿಡುವುದು. ಇದಕ್ಕೆ ಇಬ್ಬರು ಬೇಕು, ದಪ್ಪ ಚರ್ಮದ ಕೈಗವಸು ಬೇಕು, ಹತ್ತಿ ಬಟ್ಟೆ ಹಾಕಿರಬೇಕು. ತಣ್ಣಗಾಗಿದೆ ಎಂದು ಚೀಲಕ್ಕೆ ತುಂಬಿದ ಇದ್ದಿಲು ಒಳಗಿನ ಒಂದು ಕೆಂಡದಿಂದ ಮತ್ತೆ ಹೊತ್ತಿಕೊಳ್ಳುವುದುಂಟು. ಹೊಸ ಇದ್ದಿಲು ಗಾಳಿಯ ಆಮ್ಲಜನಕ ಹೀರಿಕೊಂಡು ತಾನಾಗೇ ಬಿಸಿಯಾಗುವುದೂ ಉಂಟು. ಒಂದು ದಿನ ಬಯಲಲ್ಲಿ ತೆಳ್ಳಗೆ ಹರಡಿದ ಮೇಲೆಯೇ ಚೀಲ. ಆ ಚೀಲವೂ ಮನೆಯಿಂದ, ಅಟ್ಟದಿಂದ, ಹುಲ್ಲಿನ ಬಣವೆಯಿಂದ ದೂರ.

45 ಕೆಜಿ ಚಿಪ್ಪಿಗೆ 11 ಕೆಜಿ ಇದ್ದಿಲು ಸಿಕ್ಕಿತು. ಕಾಲು ಭಾಗ ಎಂದರೆ ಒಳ್ಳೆಯ ಇಳುವರಿ. ಚೂರು ಮುರಿದರೆ ಗಾಜಿನ ಹಾಗೆ ಹೊಳೆಯುವ ಅಂಚು, ಕೆಳಗೆ ಹಾಕಿದರೆ ಲೋಹದ ಸದ್ದು. ಕೈಗೆ ಮಸಿ ಹತ್ತುತ್ತದೆ, ಆದರೆ ನೀರಿನಲ್ಲಿ ತೊಳೆದರೆ ಹೋಗಬೇಕು. ಜಿಡ್ಡಾಗಿ ಅಂಟಿಕೊಂಡು ಸೋಪು ಕೇಳಿದರೆ ಟಾರ್ ಉಳಿದಿದೆ, ಬೆಂದದ್ದು ಸಾಲದು.

ಗರಿ, ಎಡೆಮಟ್ಟೆಗೆ ಗುಂಡಿ

ಗರಿಯನ್ನು ಡ್ರಮ್‌ಗೆ ತುಂಡು ಮಾಡಿ ಹಾಕುತ್ತಾ ಕೂತರೆ ಆಳಿನ ಕೂಲಿಯೇ ಮುಗಿಯುವುದಿಲ್ಲ. ಅದಕ್ಕೆ ನೆಲದಲ್ಲಿ ಆಲಿಕೆ ಆಕಾರದ ಗುಂಡಿ ಸಾಕು. ಬಾಯಿ 1.5 ಮೀಟರ್ ಅಗಲ, ಆಳ 75 ಸೆಂಟಿಮೀಟರ್. ಹಾನ್ಸ್ ಪೀಟರ್ ಶ್ಮಿಟ್ ಮತ್ತು ಪಾಲ್ ಟೇಲರ್ 2014ರಲ್ಲಿ ಕಾನ್-ಟಿಕಿ ಎಂಬ ಹೆಸರಿನಲ್ಲಿ ಹೇಳಿಕೊಟ್ಟ ಉಪಾಯ ಇದೇ. ತಳದಲ್ಲಿ ಬೆಂಕಿ ಮಾಡಿ, ಅದು ಕೆಂಡವಾಗಿ ಮೇಲೆ ಬಿಳಿ ಬೂದಿಯ ಪೊರೆ ಕಟ್ಟಲು ಶುರುವಾದಾಗ ಮುಂದಿನ ತೆಳು ಪದರ ಹಾಕಬೇಕು. ಹೊಸ ಪದರದ ಜ್ವಾಲೆ ಆಮ್ಲಜನಕವನ್ನೆಲ್ಲ ಮೇಲೇ ತಿಂದುಬಿಡುವುದರಿಂದ ಕೆಳಗಿನ ಕೆಂಡ ಇದ್ದಿಲಾಗಿ ಉಳಿಯುತ್ತದೆ. ಒಂದೇ ಸಲ ಜಾಸ್ತಿ ಹಾಕಿದರೆ ಹೊಗೆ, ತಡ ಮಾಡಿದರೆ ಬೂದಿ. ಗುಂಡಿ ತುಂಬಿದ ಮೇಲೆ ಒಂದೆರಡು ಡ್ರಮ್ ನೀರು. ನಾನು ಕೊನೆಯ ನೀರಿಗೆ ಸಗಣಿ, ಗಂಜಲ ಕಲಸಿಕೊಳ್ಳುತ್ತೇನೆ, ಬಿಸಿ ಇದ್ದಿಲು ಅದನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ನೀರು ಪಕ್ಕದಲ್ಲಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಬೇಸಿಗೆಯ ಗಾಳಿಯಲ್ಲಂತೂ ಬೇಡವೇ ಬೇಡ.

ಅಡಿಕೆ ಸಿಪ್ಪೆ ಹಗುರ, ನಾರು ನಾರು. ಅದರ ಇದ್ದಿಲು ಕೈಯಲ್ಲೇ ಪುಡಿಯಾಗುತ್ತದೆ. ಮಣ್ಣಿಗೆ ಚೆನ್ನಾಗಿದೆ, ಫಿಲ್ಟರಿಗೆ ಆಗುವುದಿಲ್ಲ. ಭತ್ತದ ಹೊಟ್ಟಿನದು ಬೇರೆಯೇ ಕತೆ, ಅದರಲ್ಲಿ ಸಿಲಿಕಾ ಜಾಸ್ತಿ.

ಮಣ್ಣಿಗೆ ಹಾಕುವ ಮುಂಚೆ

ಬರಿ ಇದ್ದಿಲನ್ನು ಹಾಗೇ ಹೊಲಕ್ಕೆ ಎರಚಬೇಡಿ. ಅದರ ತೂತುಗಳು ಖಾಲಿ ಇರುತ್ತವೆ. ಮಣ್ಣಿನಲ್ಲಿರುವ ಸಾರಜನಕವನ್ನು ಅದೇ ಹಿಡಿದುಕೊಂಡು ಮೊದಲ ಬೆಳೆಗೆ ಕಮ್ಮಿ ಮಾಡುತ್ತದೆ. ಬಟಾಣಿ ಕಾಳಿನಷ್ಟಕ್ಕೆ ಪುಡಿ ಮಾಡಿ, ಅಷ್ಟೇ ಪ್ರಮಾಣದ ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ, ಜೀವಾಮೃತ ಹೊಯ್ದು, ನೆರಳಲ್ಲಿ ಮೂರು ವಾರ ಒದ್ದೆಯಾಗಿ ಇಡುತ್ತೇನೆ. ಪುಡಿ ಮಾಡುವಾಗ ಸ್ವಲ್ಪ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಮೂರು ವಾರ ಆದ ಮೇಲೆ ತೆಂಗಿನ ಪಾತಿಯಲ್ಲಿ ಹರಡಿ, ಮೇಲೆ ಸೊಪ್ಪು ಮುಚ್ಚುವುದು.

ಎಲ್ಲಾ ಮಣ್ಣಿಗೂ ಇದು ಒಳ್ಳೆಯದು ಎಂದು ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಇದ್ದಿಲು ಕ್ಷಾರ. ಅದರ ಪಿಎಚ್ ಸಾಮಾನ್ಯವಾಗಿ 8ರಿಂದ 10. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಇದು ಎರಡು ರೀತಿಯಲ್ಲಿ ಲಾಭ: ಹುಳಿ ಇಳಿಯುತ್ತದೆ, ಗೊಬ್ಬರ ಮಳೆಗೆ ಕೊಚ್ಚಿ ಹೋಗುವುದು ಕಮ್ಮಿಯಾಗುತ್ತದೆ. ನಮ್ಮ ಕಡೆಯ ತೆಳು ಕೆಂಪು ಮಣ್ಣಿಗೂ ತೇವ ಹಿಡಿಯಲು ಸಹಾಯ. ಆದರೆ ಚೌಳು ಭೂಮಿಗೆ, ಮೊದಲೇ ಪಿಎಚ್ 8 ದಾಟಿದ ಕಪ್ಪು ಮಣ್ಣಿಗೆ ಹಾಕಿದರೆ ತೊಂದರೆ ಇನ್ನೂ ಜಾಸ್ತಿ. ಮಣ್ಣು ಪರೀಕ್ಷೆಯ ಚೀಟಿ ನೋಡದೆ ಲೋಡುಗಟ್ಟಲೆ ಸುರಿಯಬಾರದು. ಮೊದಲು ನಾಲ್ಕು ಗಿಡಕ್ಕೆ ಹಾಕಿ, ಪಕ್ಕದ ನಾಲ್ಕು ಗಿಡ ಹಾಗೇ ಬಿಟ್ಟು, ಒಂದು ವರ್ಷ ನೋಡಿ.

ಇದ್ದಿಲಿನಿಂದ ಆಕ್ಟಿವೇಟೆಡ್ ಕಾರ್ಬನ್

ತೆಂಗಿನ ಚಿಪ್ಪಿಗೆ ಈ ಕೆಲಸದಲ್ಲಿ ದೊಡ್ಡ ಹೆಸರಿದೆ. ಮೊದಲ ಮಹಾಯುದ್ಧದಲ್ಲಿ ವಿಷಗಾಳಿಯಿಂದ ಸೈನಿಕರನ್ನು ಕಾಪಾಡುವ ಮುಖವಾಡಗಳಲ್ಲಿ ಚಿಪ್ಪಿನ ಇದ್ದಿಲು ಬಳಸಿದರು. 1918ರಲ್ಲಿ ಅಮೆರಿಕದಲ್ಲಿ ಚಿಪ್ಪು ಸಾಲದೆ, ಪೀಚ್ ಹಣ್ಣಿನ ಗೊರಟೆಯನ್ನೂ ವಾಲ್‌ನಟ್ ಚಿಪ್ಪನ್ನೂ ಕೂಡಿಟ್ಟು ಕೊಡಿ ಎಂದು ಜನರನ್ನು ಕೇಳಿಕೊಂಡರು. ಚಿಪ್ಪಿನಲ್ಲಿ ಲಿಗ್ನಿನ್ ಜಾಸ್ತಿ, ಬೂದಿ ಬಲು ಕಮ್ಮಿ, ಮೈ ಗಟ್ಟಿ. ಅದರಿಂದ ಬರುವ ತೂತುಗಳು ತೀರಾ ಸಣ್ಣವು, 2 ನ್ಯಾನೋಮೀಟರಿಗಿಂತ ಕಿರಿದು. ಒಳ್ಳೆಯ ಚಿಪ್ಪಿನ ಕಾರ್ಬನ್ನಿನ ಒಂದು ಗ್ರಾಮಿನಲ್ಲಿ ಸುಮಾರು 1000 ಚದರ ಮೀಟರ್ ಮೇಲ್ಮೈ ಇರುತ್ತದೆ, ಅಂದರೆ ಕಾಲು ಎಕರೆ.

ಬರಿ ಇದ್ದಿಲಿಗೆ ಅಷ್ಟು ಇರುವುದಿಲ್ಲ. ಅದರ ತೂತುಗಳಲ್ಲಿ ಟಾರ್ ಮೆತ್ತಿಕೊಂಡಿರುತ್ತದೆ. 800 ಡಿಗ್ರಿಗಿಂತ ಮೇಲೆ ನೀರಾವಿ ಹಾಯಿಸಿದರೆ ನೀರು ಇಂಗಾಲವನ್ನು ಕೊರೆಯುತ್ತದೆ, ಇಂಗಾಲ ಮತ್ತು ನೀರು ಸೇರಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಆಗಿ ಹೊರಗೆ ಹೋಗುತ್ತವೆ. ಹಾಗೆ ಕೊರೆದು ಹೋದ ಜಾಗವೇ ತೂತು. ಅರ್ಧದ ಹತ್ತಿರ ಇದ್ದಿಲು ಇದರಲ್ಲೇ ಕಳೆದುಹೋಗುತ್ತದೆ, ಕಳೆಯಲೇಬೇಕು.

ನಿಂಬೆರಸದಲ್ಲಿ ನೆನೆಸಿ, ಮನೆಯ ಓವನ್ನಿನಲ್ಲಿ ಒಣಗಿಸಿದರೆ ಆಕ್ಟಿವೇಟೆಡ್ ಕಾರ್ಬನ್ ರೆಡಿ ಎಂದು ತುಂಬಾ ವಿಡಿಯೊಗಳಲ್ಲಿ ತೋರಿಸುತ್ತಾರೆ. ಅದು ಆಕ್ಟಿವೇಶನ್ ಅಲ್ಲ. ನಿಂಬೆರಸ ಬೂದಿಯನ್ನು ತೊಳೆಯುತ್ತದೆ, ಅಷ್ಟೇ. ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಸಿಡ್ ಹಾಕಿ 400ರಿಂದ 500 ಡಿಗ್ರಿಯಲ್ಲಿ ಮಾಡುವ ವಿಧಾನ ನಿಜವಾಗಿ ಇದೆ. ಆದರೆ ಆ ಆಸಿಡ್ಡಿನ ಹೊಗೆ, ಆಮೇಲೆ ತೊಳೆದ ನೀರು ಎಲ್ಲಿಗೆ ಬಿಡುವುದು? ತೋಟದಲ್ಲಿ ಅದು ಬೇಡ ಎಂದು ನೀರಾವಿಯನ್ನೇ ಹಿಡಿದೆ.

ಇದ್ದಿಲು ತುಂಬಿ ಕಾಯಿಸಿ ನೀರಾವಿ ಹಾಯಿಸುವ ಪೈಪ್ 75 ಮಿಲಿಮೀಟರ್ ಒಳ ಅಗಲ, 45 ಸೆಂಟಿಮೀಟರ್ ಉದ್ದ, ದಪ್ಪ ಗೋಡೆಯ ಕಪ್ಪು ಕಬ್ಬಿಣದ್ದು. ಜಿಐ ಪೈಪ್ ಯಾವ ಕಾರಣಕ್ಕೂ ಬಳಸಬೇಡಿ. ಅದರ ಮೇಲಿನ ಸತು 907 ಡಿಗ್ರಿಗೆ ಕುದಿಯುತ್ತದೆ, ಅದಕ್ಕಿಂತ ಮುಂಚೆಯೇ ಹೊಗೆ ಬಿಡುತ್ತದೆ. ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಪೈಪಿನ ಎರಡೂ ತುದಿಗೆ ಮುಚ್ಚಳ, ಒಂದರಲ್ಲಿ ನೀರಾವಿ ಬರುವ 12 ಮಿಲಿಮೀಟರಿನ ಕೊಳವೆ, ಇನ್ನೊಂದರಲ್ಲಿ ಗ್ಯಾಸ್ ಹೋಗುವ ಕೊಳವೆ. ಒಳಗೆ ಎರಡೂ ಕಡೆ ಸ್ಟೀಲ್ ಜಾಲರಿ. ಇಟ್ಟಿಗೆಯಲ್ಲಿ ಕುಲುಮೆ ಕಟ್ಟಿ, ಕಮ್ಮಾರರು ಬಳಸುವಂಥ ಬ್ಲೋವರ್ ಇಟ್ಟು, ಡ್ರಮ್‌ನಲ್ಲಿ ಮಾಡಿದ ಇದ್ದಿಲನ್ನೇ ಉರುವಲು ಮಾಡಿಕೊಂಡದ್ದು.

ನೀರಾವಿಗೆ ಹಳೆಯ ಕುಕ್ಕರ್. ವೆಯ್ಟ್ ತೆಗೆದು ಆ ಮೂತಿಗೆ ತಾಮ್ರದ ಕೊಳವೆ. ಸೇಫ್ಟಿ ವಾಲ್ವ್ ಹಾಗೇ ಇರಬೇಕು. ದಾರಿಯಲ್ಲಿ ಎಲ್ಲೂ ನಲ್ಲಿ ಹಾಕಬಾರದು. ನೀರಾವಿ ಜಾಸ್ತಿ ಕಮ್ಮಿ ಮಾಡುವುದು ಕುಕ್ಕರಿನ ಕೆಳಗಿನ ಉರಿಯಿಂದಲೇ. ಎಲ್ಲೂ ಒತ್ತಡ ಏರಬಾರದು ಎಂಬುದೇ ಇಡೀ ಜೋಡಣೆಯ ಮೊದಲ ನಿಯಮ.

ಇದ್ದಿಲನ್ನು ಕುಟ್ಟಿ, ಜರಡಿ ಹಿಡಿದು, 2ರಿಂದ 4 ಮಿಲಿಮೀಟರಿನ ಕಾಳು ಮಾತ್ರ ತೆಗೆದುಕೊಂಡೆ. ಪುಡಿ ಸೇರಿದರೆ ನೀರಾವಿಗೆ ದಾರಿ ಇರುವುದಿಲ್ಲ. 500 ಗ್ರಾಂ ತುಂಬಿದೆ. ನೀರಿನ ಲೆಕ್ಕ ಸರಳ: 12 ಗ್ರಾಂ ಇಂಗಾಲ ಕೊರೆಯಲು 18 ಗ್ರಾಂ ನೀರು. 200 ಗ್ರಾಂ ಇಂಗಾಲ ಹೋಗಬೇಕೆಂದರೆ 300 ಗ್ರಾಂ ನೀರು. ಹಾಯಿಸಿದ ನೀರಾವಿಯಲ್ಲಿ ಒಂದು ಪಾಲು ಮಾತ್ರ ಕೆಲಸ ಮಾಡುವುದರಿಂದ ಒಂದು ಲೀಟರ್ ಇಟ್ಟುಕೊಂಡೆ.

ಬಿಸಿ ಅಳೆಯಲು ಕೆ ಟೈಪ್ ಥರ್ಮೋಕಪಲ್ ಇದೆ. ಆದರೂ ಇನ್ನೊಂದು ಸಾಕ್ಷಿ ಇರಲಿ ಎಂದು ಸಣ್ಣ ಸ್ಟೀಲ್ ಬಟ್ಟಲಲ್ಲಿ ಒಂದು ಚಿಟಿಕೆ ಉಪ್ಪು ಹಾಕಿ ಪೈಪಿನ ಮೈಗೆ ತಾಗಿಸಿಟ್ಟೆ. ಅಡುಗೆ ಉಪ್ಪು ಕರಗುವುದು 801 ಡಿಗ್ರಿಗೆ. ಮೊದಲು ಚಟಪಟ ಸಿಡಿಯುತ್ತದೆ, ಆಮೇಲೆ ಸುಮ್ಮನೆ ಕೂತಿರುತ್ತದೆ. ಪೈಪ್ ಚೆರ್ರಿ ಕೆಂಪಿಗೆ ತಿರುಗುವ ಹೊತ್ತಿಗೆ ಹರಳಿನ ಅಂಚು ಮಸುಕಾಗಿ, ಕ್ಷಣದಲ್ಲಿ ನೀರಾಗಿ ಹೊಳೆಯುತ್ತದೆ. ಮೀಟರಿಲ್ಲದವರಿಗೂ ಇದು ಸಾಕು.

860 ಡಿಗ್ರಿಗೆ ಬಂದ ಮೇಲೆ ನೀರಾವಿ ಬಿಟ್ಟೆ. ತಕ್ಷಣ ಮೀಟರ್ 810ಕ್ಕೆ ಇಳಿಯಿತು. ನೀರಾವಿ ಮತ್ತು ಇಂಗಾಲ ಸೇರುವುದು ಬಿಸಿ ಕೇಳುವ ಕ್ರಿಯೆ, ಅದಕ್ಕೇ ಈ ಇಳಿತ. ಬ್ಲೋವರ್ ಜೋರು ಮಾಡಿ ಮತ್ತೆ ಏರಿಸಬೇಕು. ಹೊರಗಿನ ಕೊಳವೆಯ ಬಾಯಿಗೆ ಉರಿಯುವ ಕಡ್ಡಿ ಹಿಡಿದರೆ ಪುಸಕ್ ಎಂದು ನೀಲಿ ಜ್ವಾಲೆ ಹತ್ತಿಕೊಳ್ಳುತ್ತದೆ. ಅದು ಉರಿಯುತ್ತಲೇ ಇರಬೇಕು. ಆರಿದರೆ ಕಾರ್ಬನ್ ಮಾನಾಕ್ಸೈಡ್ ಹಾಗೇ ಹೊರಗೆ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಶೆಡ್ಡಿನೊಳಗೆ, ಕೊಟ್ಟಿಗೆಯೊಳಗೆ ಈ ಕೆಲಸ ಬೇಡ. ಬಯಲಲ್ಲಿ, ಗಾಳಿ ಬರುವ ಕಡೆ ನಿಂತು ಮಾಡಬೇಕು, ಒಬ್ಬರೇ ಇರಬಾರದು.

ಎರಡು ಗಂಟೆ ನೀರಾವಿ ಹಾಯಿಸಿ ನಿಲ್ಲಿಸಿದೆ. ನಿಲ್ಲಿಸುವ ಕ್ರಮ ಮುಖ್ಯ. ಮೊದಲು ಕುಕ್ಕರಿನ ಕೊಳವೆ ಬಿಚ್ಚಬೇಕು, ಆಮೇಲೆ ಪೈಪಿನ ಎರಡೂ ಬಾಯಿಗೆ ಬೆಣೆ ಹೊಡೆಯಬೇಕು. ಕೊಳವೆ ಬಿಚ್ಚದೆ ಉರಿ ಆರಿಸಿದರೆ ಕುಕ್ಕರ್ ತಣ್ಣಗಾಗುತ್ತಾ ಪೈಪಿನಿಂದ ಗ್ಯಾಸ್ ಎಳೆಯುತ್ತದೆ, ಇಲ್ಲವೇ ಪೈಪು ಕುಕ್ಕರಿನಿಂದ ನೀರು ಎಳೆಯುತ್ತದೆ. ಕೆಂಪಗೆ ಕಾದ ಪೈಪಿಗೆ ನೀರು ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಪೂರ್ತಿ ತಣ್ಣಗಾಗುವ ಮುಂಚೆ ಮುಚ್ಚಳ ತೆಗೆಯಲೂಬಾರದು, ಬಿಸಿ ಕಾರ್ಬನ್ನಿಗೆ ಗಾಳಿ ತಾಗಿದರೆ ಮಾಡಿದ್ದೆಲ್ಲ ಕೆಂಡ.

ತೂಗಿದರೆ 290 ಗ್ರಾಂ ಉಳಿದಿತ್ತು. ಕಾಳಿನ ಗಾತ್ರ ಹೆಚ್ಚು ಕಮ್ಮಿ ಅಷ್ಟೇ, ಕೈಯಲ್ಲಿ ಹಿಡಿದರೆ ಹಗುರ. ಹೊಳಪು ಹೋಗಿ ಮಂಕು ಕಪ್ಪು ಬಂದಿದೆ. ನೀರಿಗೆ ಹಾಕಿದರೆ ಕಾಳು ಕಾಳಿನಿಂದಲೂ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ತೂತಿನಲ್ಲಿದ್ದ ಗಾಳಿಯನ್ನು ತಳ್ಳಿ ನೀರು ಒಳಗೆ ಹೋಗುತ್ತಿದೆ. ಆ ಗುಳ್ಳೆ ನೋಡಿದಾಗ ಆದ ಸಂತೋಷ ಹೇಳತೀರದು. ಪೈಪಿನ ಹೊರಮೈ ಮಾತ್ರ ಹೊಪ್ಪಳಿಕೆ ಎದ್ದು ಉದುರುತ್ತಿತ್ತು. ಸಾದಾ ಕಬ್ಬಿಣ ಈ ಬಿಸಿಗೆ ಬಹಳ ಕಾಲ ಬಾಳುವುದಿಲ್ಲ, ಪ್ರತಿ ಸಲ ಬಿರುಕು ನೋಡಿಯೇ ಬಳಸಬೇಕು.

ಪರೀಕ್ಷೆ

ಗುಳ್ಳೆ ಬಂತೆಂದು ನಂಬಿ ಕೂರುವುದಲ್ಲ. ಮೀನಿನ ತೊಟ್ಟಿ ಅಂಗಡಿಯಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಸಿಗುತ್ತದೆ. ಮೂರು ಬಾಟಲಿಗೆ ಒಂದೇ ಅಳತೆಯ ನೀಲಿ ನೀರು. ಒಂದಕ್ಕೆ ಡ್ರಮ್‌ನ ಇದ್ದಿಲು, ಇನ್ನೊಂದಕ್ಕೆ ಪೈಪಿನ ಕಾರ್ಬನ್, ಮೂರನೆಯದಕ್ಕೆ ಅಂಗಡಿಯ ಆಕ್ಟಿವೇಟೆಡ್ ಕಾರ್ಬನ್, ಎಲ್ಲಾ ಒಂದೊಂದು ಗ್ರಾಂ, ಒಂದೇ ಸಮ ಕುಟ್ಟಿದ್ದು. ಹತ್ತು ನಿಮಿಷ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದಾಗ ಡ್ರಮ್‌ನದು ನೀಲಿಯಾಗೇ ಇತ್ತು. ಪೈಪಿನದು ತೆಳು ಆಕಾಶದ ಬಣ್ಣ. ಅಂಗಡಿಯದು ಹೆಚ್ಚು ಕಮ್ಮಿ ತಿಳಿನೀರು.

ಮೆಥಿಲೀನ್ ಬ್ಲೂ ಅಣು ದೊಡ್ಡದು, ಚಿಪ್ಪಿನ ಕಾರ್ಬನ್ನಿನ ಸಣ್ಣ ತೂತುಗಳಿಗೆ ಸುಲಭವಾಗಿ ಇಳಿಯುವುದಿಲ್ಲ. ಅದಕ್ಕೇ ಪ್ರಯೋಗಶಾಲೆಯಲ್ಲಿ ಅಯೋಡಿನ್ ಬಳಸುತ್ತಾರೆ. ಒಂದು ಗ್ರಾಂ ಕಾರ್ಬನ್ ಎಷ್ಟು ಮಿಲಿಗ್ರಾಂ ಅಯೋಡಿನ್ ಹೀರುತ್ತದೆ ಎಂಬುದೇ ಅಯೋಡಿನ್ ಸಂಖ್ಯೆ. ಒಳ್ಳೆಯ ಚಿಪ್ಪಿನ ಕಾರ್ಬನ್ನಿಗೆ ಅದು 1000ದ ಆಸುಪಾಸು. ಮನೆಯಲ್ಲಿ ಹೋಲಿಸಿ ನೋಡಲು ಟಿಂಕ್ಚರ್ ಅಯೋಡಿನ್ನಿನ ತೆಳು ನೀರು, ಗಂಜಿ ತಿಳಿ, ಹನಿ ಲೆಕ್ಕಕ್ಕೆ ಹೈಪೊ (ಸೋಡಿಯಂ ಥಯೋಸಲ್ಫೇಟ್) ದ್ರಾವಣ ಸಾಕು. ಸೋಸಿದ ನೀರಿಗೆ ಗಂಜಿ ತಿಳಿ ಬಿಟ್ಟರೆ ಉಳಿದ ಅಯೋಡಿನ್ ಕಡುನೀಲಿಯಾಗುತ್ತದೆ. ಆ ನೀಲಿ ಹೋಗಲು ಎಷ್ಟು ಹನಿ ಹೈಪೊ ಬೇಕು ಎಂದು ಎಣಿಸುವುದು. ಹನಿ ಕಮ್ಮಿಯಾದಷ್ಟೂ ಕಾರ್ಬನ್ ಜಾಸ್ತಿ ಹೀರಿದೆ. ಇಲ್ಲಿ ಒಂದು ಮೋಸ ಇದೆ. ಇದ್ದಿಲಿನ ಬೂದಿಯ ಕ್ಷಾರವೂ ಅಯೋಡಿನ್ ಬಣ್ಣ ತೆಗೆಯುತ್ತದೆ. ಬೂದಿ ತುಂಬಿದ ಕೆಟ್ಟ ಇದ್ದಿಲು ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಅದಕ್ಕೆ ಮೊದಲು ವಿನೆಗರಿನಲ್ಲೋ ನಿಂಬೆರಸದಲ್ಲೋ ತೊಳೆದು, ಬರಿ ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಒಣಗಿಸಿಯೇ ಪರೀಕ್ಷೆಗೆ ಇಡಬೇಕು. ನಿಂಬೆಹಣ್ಣಿನ ನಿಜವಾದ ಕೆಲಸ ಇರುವುದು ಇಲ್ಲಿ. ಹಾಗೆ ತೊಳೆದು ನೋಡಿದಾಗಲೂ ಪೈಪಿನ ಕಾರ್ಬನ್ ಡ್ರಮ್‌ನ ಇದ್ದಿಲಿಗಿಂತ ಬಹಳ ಮುಂದಿತ್ತು, ಅಂಗಡಿಯದಕ್ಕಿಂತ ಹಿಂದೆ.

ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬೇಡ

ಮೀನಿನ ತೊಟ್ಟಿಗೆ, ಫ್ರಿಜ್ಜಿನ ವಾಸನೆಗೆ, ನಲ್ಲಿ ನೀರಿನ ಕ್ಲೋರಿನ್ ತೆಗೆದು ಸಸಿಗಳಿಗೆ ಹಾಕಲು ಇದು ಚೆನ್ನಾಗಿ ನಡೆಯುತ್ತದೆ. ಕುಡಿಯುವ ನೀರಿನ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ. ಪಾವಗಡದಂಥ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲು, ದೊಡ್ಡವರ ಮೂಳೆ ಹಾಳಾಗಿವೆ. ಚಿಪ್ಪಿನ ಕಾರ್ಬನ್ ಫ್ಲೋರೈಡ್ ತೆಗೆಯಲು ಆಗುವುದಿಲ್ಲ. ಅದಕ್ಕೆ ಆಕ್ಟಿವೇಟೆಡ್ ಅಲ್ಯುಮಿನಾ ಬೇಕು, ಇಲ್ಲವೇ ಆರ್‌ಓ. ನೈಟ್ರೇಟ್, ಗಡಸುತನ ಕೂಡ ಇದರಿಂದ ಹೋಗುವುದಿಲ್ಲ. ರೋಗಾಣು ಸಾಯುವುದಿಲ್ಲ, ಬದಲಿಗೆ ಒದ್ದೆ ಕಾರ್ಬನ್ನಿನಲ್ಲಿ ಮನೆ ಮಾಡಿಕೊಳ್ಳುತ್ತವೆ. ವಾಸನೆ ಹೋಗಿ ನೀರು ರುಚಿಯಾಯಿತು ಎಂದರೆ ಶುದ್ಧವಾಯಿತು ಎಂದಲ್ಲ. ಹಾಗೆಯೇ ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಇದ್ದಿಲು ಬೇರೆ ದರ್ಜೆಯದು. ಮನೆಯದನ್ನು ಯಾರ ಬಾಯಿಗೂ ಹಾಕಬಾರದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ಉರುವಲಿನ ಲೆಕ್ಕ ಕಾಡುತ್ತಿದೆ. 290 ಗ್ರಾಂ ಕಾರ್ಬನ್ ಮಾಡಲು ಕುಲುಮೆಯಲ್ಲಿ 6 ಕೆಜಿ ಇದ್ದಿಲು ಸುಟ್ಟಿದ್ದೇನೆ. ಅಷ್ಟರಲ್ಲಿ ಅರ್ಧ ಪಾತಿಗೆ ಬಯೋಚಾರ್ ಆಗುತ್ತಿತ್ತು. ಅತ್ತ ಡ್ರಮ್‌ನ ಕೊಳವೆಯಿಂದ ಒಂದೂವರೆ ಗಂಟೆ ಬೆಂಕಿ ಸುಮ್ನೆ ಆಕಾಶಕ್ಕೆ ಹೋಗುತ್ತಿದೆ. ಈಗ ಪೈಪನ್ನು ಮುಚ್ಚಳದ ಮೇಲೆ, ಕೊಳವೆಯ ಬುಡದಲ್ಲಿ ಅಡ್ಡ ಕೂರಿಸುವ ಕೆಲಸ ಹಿಡಿದಿದ್ದೇನೆ. ಬರಿ ತಗಡಿನ ಕೊಳವೆಯಲ್ಲಿ ಅಲ್ಲಿ 740 ಡಿಗ್ರಿ ಸಿಗುತ್ತಿದೆ, ಉಪ್ಪು ಕರಗುತ್ತಿಲ್ಲ. ಸುತ್ತ ಜೇಡಿಮಣ್ಣಿಗೆ ಭತ್ತದ ಹೊಟ್ಟಿನ ಬೂದಿ ಕಲಸಿ ಮೂರು ಬೆರಳು ದಪ್ಪ ಮೆತ್ತಿ ಒಣಗಲು ಬಿಟ್ಟಿದ್ದೇನೆ. ಪೈಪ್ ಈ ಸಲ ಸ್ಟೇನ್‌ಲೆಸ್ ಸ್ಟೀಲಿನದು, ಅಗಲ 50 ಮಿಲಿಮೀಟರ್. ಗೋಡೆ ಒಣಗಿದ ಮೇಲೆ ಉಪ್ಪಿನ ಬಟ್ಟಲಿಟ್ಟು ನೋಡಬೇಕು.